ಮೈನಸ್ 20 ಡಿಗ್ರಿ ಚಳಿಯಲ್ಲಿ ಕೆಲಸದ ವ್ಯಾನ್: ಒಳಗಿನ ನೀರು ಹೆಪ್ಪುಗಟ್ಟದಂತೆ ಕಾಪಾಡುವುದು ಹೇಗೆ?

ಕೆನಡಾದ ವಿನಿಪೆಗ್ ನಗರದಲ್ಲಿ ಜನವರಿಯ ರಾತ್ರಿ ತಾಪಮಾನ ಮೈನಸ್ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಯುವುದು ಹೊಸ ಸಂಗತಿಯಲ್ಲ. ಅಲ್ಲಿನ ಮನೆಗಳಿಗೆ ಹೀಟಿಂಗ್ ವ್ಯವಸ್ಥೆ ಇರುತ್ತದೆ. ಆದರೆ ಮನೆ ಮುಂದೆ ರಾತ್ರಿಯಿಡೀ ನಿಲ್ಲುವ ಕೆಲಸದ ವ್ಯಾನ್‌ಗೆ? ಕಾರ್ಪೆಟ್ ತೊಳೆಯುವವರು, ಕಿಟಕಿ ಗಾಜು ಸ್ವಚ್ಛ ಮಾಡುವವರು, ಮನೆ ಬಾಗಿಲಿಗೇ ಬಂದು ಕಾರ್ ತೊಳೆದುಕೊಡುವವರು, ಪ್ಲಂಬರ್‌ಗಳು, ಪೇಂಟರ್‌ಗಳು, ಇವರೆಲ್ಲರ ಹೊಟ್ಟೆಪಾಡು ಆ ವ್ಯಾನ್‌ನೊಳಗಿದೆ. ಒಂದೇ ಒಂದು ರಾತ್ರಿ ಎಚ್ಚರ ತಪ್ಪಿದರೆ ಪಂಪ್, ಹೀಟರ್, ಕೊಳವೆಗಳು ಸಿಡಿದು ವಾರಗಟ್ಟಲೆ ಕೆಲಸ ನಿಲ್ಲಬಹುದು. ಚಳಿ ತಡೆಯಲು ತಪ್ಪು ದಾರಿ ಹಿಡಿದರೆ ಜೀವಕ್ಕೇ ಕುತ್ತು ಬರಬಹುದು.

ಹಾಗಾದರೆ ವ್ಯಾನ್ ಬೆಚ್ಚಗಿಡುವ ಸರಿಯಾದ ಕ್ರಮ ಯಾವುದು? ಕಾರ್ಪೆಟ್ ತೊಳೆಯುವ ವ್ಯಾನ್ ಅನ್ನೇ ಉದಾಹರಣೆಯಾಗಿಟ್ಟುಕೊಂಡು ತಿಳಿಯೋಣ.

ವ್ಯಾನ್‌ನೊಳಗೆ ಏನಿರುತ್ತದೆ?

ಉತ್ತರ ಅಮೆರಿಕದಲ್ಲಿ ಕಾರ್ಪೆಟ್ ತೊಳೆಯುವ ಯಂತ್ರವನ್ನು ವ್ಯಾನ್‌ನ ಹಿಂಭಾಗದಲ್ಲೇ ಅಳವಡಿಸಿರುತ್ತಾರೆ. ಅದರಲ್ಲಿ ಎಂಜಿನ್, ಹೆಚ್ಚಿನ ಒತ್ತಡದ ನೀರಿನ ಪಂಪ್, ಎಂಜಿನ್‌ನ ಬಿಸಿಯಿಂದಲೇ ನೀರು ಕಾಯಿಸುವ ಹೀಟ್ ಎಕ್ಸ್‌ಚೇಂಜರ್, ಕೊಳೆನೀರು ಹೀರುವ ವ್ಯಾಕ್ಯೂಮ್, ಶುದ್ಧ ನೀರಿಗೊಂದು ಹಾಗೂ ಕೊಳೆನೀರಿಗೊಂದು ಟ್ಯಾಂಕ್, ಸುರುಳಿ ಸುತ್ತಿಟ್ಟ ಉದ್ದನೆಯ ಕೊಳವೆಗಳು ಇರುತ್ತವೆ. ಹಗಲು ಎಂಜಿನ್ ಓಡುತ್ತಿರುವವರೆಗೆ ಎಲ್ಲವೂ ಬಿಸಿಯಾಗಿರುತ್ತದೆ. ತೊಂದರೆ ಶುರುವಾಗುವುದು ಸಂಜೆ ಕೆಲಸ ಮುಗಿಸಿ ಎಂಜಿನ್ ಆರಿಸಿದ ಮೇಲೆ.

ಮೊದಲು ಒಡೆಯುವುದು ಟ್ಯಾಂಕ್ ಅಲ್ಲ

ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದಿದ್ದರೆ ಹಿತ್ತಾಳೆ, ತಾಮ್ರ, ಎರಕದ ಕಬ್ಬಿಣ ಯಾವುದೂ ತಡೆಯಲಾರದು. ಹಲವರು ದೊಡ್ಡ ಟ್ಯಾಂಕ್ ಬಗ್ಗೆ ಚಿಂತೆ ಮಾಡುತ್ತಾರೆ. ಆದರೆ ಲೆಕ್ಕ ಬೇರೆಯೇ ಹೇಳುತ್ತದೆ.

400 ಲೀಟರ್ ನೀರು 10 ಡಿಗ್ರಿಯಲ್ಲಿದೆ ಎಂದುಕೊಳ್ಳಿ. ಅದು 0 ಡಿಗ್ರಿಗೆ ಇಳಿಯಬೇಕಾದರೆ ನಾಲ್ಕೂವರೆ ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಹೊರಹೋಗಬೇಕು. ಪೂರ್ತಿ ಮಂಜುಗಡ್ಡೆಯಾಗಲು ಇನ್ನೂ 37 ಯೂನಿಟ್‌ನಷ್ಟು ಶಾಖ ಕಳೆದುಕೊಳ್ಳಬೇಕು. ಒಂದು ರಾತ್ರಿಯಲ್ಲಿ ಅದು ಸುಲಭವಲ್ಲ. ಅದೇ ಅರ್ಧ ಇಂಚಿನ ಕೊಳವೆ ನೋಡಿ. ಒಂದು ಮೀಟರ್ ಉದ್ದದಲ್ಲಿ ಇರುವುದು ಸುಮಾರು 130 ಮಿಲಿಲೀಟರ್, ಅಂದರೆ ಒಂದು ಲೋಟಕ್ಕಿಂತ ಕಡಿಮೆ ನೀರು. ತಣ್ಣನೆಯ ತಗಡಿಗೆ ಒರಗಿಕೊಂಡಿದ್ದರೆ ಅದು ಬಹಳ ಬೇಗ ಗಟ್ಟಿಯಾಗುತ್ತದೆ. ಪಂಪ್‌ನ ತಲೆಭಾಗ, ವಾಲ್ವ್‌ಗಳು, ಹೀಟ್ ಎಕ್ಸ್‌ಚೇಂಜರ್‌ನ ಸಣ್ಣ ನಳಿಗೆಗಳು, ಕೈಯಲ್ಲಿ ಹಿಡಿಯುವ ಉಪಕರಣದ ಟ್ರಿಗರ್ ಇವೆಲ್ಲ ಇದೇ ಗುಂಪಿಗೆ ಸೇರಿವೆ. ವ್ಯಾನ್‌ನಲ್ಲಿ ಅತ್ಯಂತ ದುಬಾರಿಯಾದ ಭಾಗಗಳೂ ಇವೇ.

ಆದ್ದರಿಂದ ಥರ್ಮಾಮೀಟರ್ ಇಡಬೇಕಾದ ಜಾಗ ಹೀಟರ್ ಪಕ್ಕದಲ್ಲಲ್ಲ. ಹಿಂಬಾಗಿಲಿನ ಹತ್ತಿರ, ನೆಲಮಟ್ಟದಲ್ಲಿ, ಪಂಪ್ ಪಕ್ಕದಲ್ಲಿ ಇಡಬೇಕು. ಬಿಸಿ ಗಾಳಿ ಮೇಲೇರುವುದರಿಂದ ಚಾವಣಿ ಬಳಿ 15 ಡಿಗ್ರಿ ಇದ್ದಾಗಲೂ ನೆಲದ ಬಳಿ ನೀರು ಹೆಪ್ಪುಗಟ್ಟುತ್ತಿರಬಹುದು. ಒಂದು ಚಿಕ್ಕ ಫ್ಯಾನ್ ಇಟ್ಟು ಗಾಳಿ ಆಡಿಸಿದರೆ ಈ ವ್ಯತ್ಯಾಸ ಕಡಿಮೆಯಾಗುತ್ತದೆ.

ಇನ್ಸುಲೇಷನ್ ಬಿಸಿ ಹುಟ್ಟಿಸುವುದಿಲ್ಲ

ಫ್ಲಾಸ್ಕ್ ಕಾಫಿಯನ್ನು ಬಿಸಿ ಮಾಡುವುದಿಲ್ಲ, ಇದ್ದ ಬಿಸಿಯನ್ನು ಹೆಚ್ಚು ಹೊತ್ತು ಉಳಿಸುತ್ತದೆ ಅಷ್ಟೇ. ವ್ಯಾನ್‌ನ ಇನ್ಸುಲೇಷನ್ ಕೂಡ ಹಾಗೆಯೇ. ದಪ್ಪ ಫೋಮ್ ಹಾಕಿಸಿದ್ದೇವೆ, ಇನ್ನು ಹೀಟರ್ ಬೇಡ ಎಂದುಕೊಂಡರೆ ನೀರು ಹೆಪ್ಪುಗಟ್ಟುವುದು ಕೆಲವು ಗಂಟೆ ತಡವಾಗಬಹುದು, ತಪ್ಪುವುದಿಲ್ಲ.

ಹಾಗೆಂದು ಇನ್ಸುಲೇಷನ್ ಇಲ್ಲದೆ ಬರೀ ಹೀಟರ್ ಇಟ್ಟರೂ ಸಾಲದು. ದೊಡ್ಡ ವ್ಯಾನ್‌ನ ಸರಕಿನ ಭಾಗದ ಗೋಡೆ, ನೆಲ, ಚಾವಣಿ ಎಲ್ಲ ಸೇರಿ ಸುಮಾರು 30 ಚದರ ಮೀಟರ್ ಆಗುತ್ತದೆ. ಹೊರಗೆ ಮೈನಸ್ 20, ಒಳಗೆ 5 ಡಿಗ್ರಿ ಇರಬೇಕು ಎಂದುಕೊಳ್ಳಿ. ಬರಿಯ ತಗಡಿನ ವ್ಯಾನ್ ಆದರೆ ಸುಮಾರು 4 ಕಿಲೋವ್ಯಾಟ್ ಶಾಖ ಸತತವಾಗಿ ಸೋರಿಹೋಗುತ್ತದೆ. ಎಲ್ಲ ಕಡೆ 25 ಮಿಲಿಮೀಟರ್ ಗಟ್ಟಿ ಫೋಮ್ ಹಾಕಿದರೆ, ಬಾಗಿಲ ಸಂದುಗಳ ಸೋರಿಕೆ ಸೇರಿಸಿಯೂ, ಅದು 1ರಿಂದ 1.5 ಕಿಲೋವ್ಯಾಟ್‌ಗೆ ಇಳಿಯುತ್ತದೆ.

ಈ ವ್ಯತ್ಯಾಸವೇ ಇಲ್ಲಿ ನಿರ್ಣಾಯಕ. ಅಮೆರಿಕ, ಕೆನಡಾದ ಮನೆಗಳ ಸಾಮಾನ್ಯ ಪ್ಲಗ್‌ಗೆ ಹಾಕುವ ಹೀಟರ್‌ಗಳ ಗರಿಷ್ಠ ಸಾಮರ್ಥ್ಯ 1,500 ವ್ಯಾಟ್. ಇನ್ಸುಲೇಷನ್ ಇದ್ದರೆ ಆ ಒಂದು ಹೀಟರ್ ರಾತ್ರಿ ದಾಟಿಸುತ್ತದೆ. ಇಲ್ಲದಿದ್ದರೆ ಅಂಥ ಎರಡು ಹೀಟರ್ ಇಟ್ಟರೂ ಸಾಲುವುದಿಲ್ಲ.

ಯಾವ ವಸ್ತು, ಎಲ್ಲಿ ಹಾಕಬೇಕು?

* ಗೋಡೆ ಮತ್ತು ಚಾವಣಿ: ಎಕ್ಸ್‌ಪಿಎಸ್ ಎಂಬ ಗಟ್ಟಿ ಫೋಮ್ ಹಲಗೆ, ರಬ್ಬರ್‌ನಂತಹ ಮುಚ್ಚಿದ ರಂಧ್ರಗಳ ಫೋಮ್ ಹಾಳೆ ಅಥವಾ ಸ್ಪ್ರೇ ಫೋಮ್. ಇವು ನೀರು ಹೀರುವುದಿಲ್ಲ. ಹತ್ತಿಯಂತಹ ಗಾಜಿನ ಉಣ್ಣೆ ತೇವ ಹಿಡಿದರೆ ಪ್ರಯೋಜನ ಕಳೆದುಕೊಳ್ಳುತ್ತದೆ. ನೀರಿನ ಕೆಲಸದ ವ್ಯಾನ್‌ಗೆ ಅದು ಹೊಂದುವುದಿಲ್ಲ.

* ಲೋಹದ ಪಟ್ಟಿಗಳು: ಫೋಮ್‌ಗಿಂತ ಉಕ್ಕು ಸಾವಿರ ಪಟ್ಟಿಗೂ ಹೆಚ್ಚು ವೇಗವಾಗಿ ಶಾಖ ಸಾಗಿಸುತ್ತದೆ. ಗೋಡೆಯ ಮಧ್ಯೆ ಫೋಮ್ ತುಂಬಿ ಲೋಹದ ಪಟ್ಟಿಗಳನ್ನು ಹಾಗೇ ಬಿಟ್ಟರೆ ಶಾಖ ಅಲ್ಲಿಂದಲೇ ಹೊರಹೋಗುತ್ತದೆ. ಅವುಗಳ ಮೇಲೂ ತೆಳು ಫೋಮ್ ಅಂಟಿಸಬೇಕು.

* ನೆಲ: ಗಟ್ಟಿ ಫೋಮ್ ಹಲಗೆ ಹಾಸಿ, ಮೇಲೆ ಪ್ಲೈವುಡ್ ಕೂರಿಸಬೇಕು. ನೀರಿನ ಕೊಳವೆಗಳು ಇರುವುದೇ ನೆಲದ ಬಳಿಯಾದ್ದರಿಂದ ಇದನ್ನು ಬಿಡುವಂತಿಲ್ಲ.

* ಬಾಗಿಲು: ರಬ್ಬರ್ ಸೀಲ್ ಹರಿದಿದ್ದರೆ ಬದಲಿಸಿ. ಹಿಂಬಾಗಿಲಿನ ಒಳಗೆ ದಪ್ಪನೆಯ ಪರದೆ ಕಟ್ಟಿದರೆ ಬಾಗಿಲು ತೆಗೆದಾಗಲೂ ಬಿಸಿ ಒಮ್ಮೆಗೇ ಹೊರಹೋಗುವುದಿಲ್ಲ. ಬಾಗಿಲಿನ ತಳದ ನೀರು ಬಸಿಯುವ ರಂಧ್ರಗಳನ್ನು ಮಾತ್ರ ಮುಚ್ಚಬೇಡಿ, ತುಕ್ಕು ಹಿಡಿಯುತ್ತದೆ.

* ಚಾಲಕನ ಹಿಂದೆ ತಡೆಗೋಡೆ: ಮುಂಭಾಗದ ದೊಡ್ಡ ಗಾಜುಗಳಿಂದ ಶಾಖ ಹೆಚ್ಚು ಸೋರುತ್ತದೆ. ಸೀಟಿನ ಹಿಂದೆ ಇನ್ಸುಲೇಷನ್ ಇರುವ ತಡೆಗೋಡೆ ಇದ್ದರೆ ಬಿಸಿ ಮಾಡಬೇಕಾದ ಜಾಗವೇ ಕಡಿಮೆಯಾಗುತ್ತದೆ.

ಹೊಳೆಯುವ ಫಾಯಿಲ್ ಹಾಳೆಗಳ ಬಗ್ಗೆಯೂ ಒಂದು ಮಾತು. ಮುಂದೆ ಗಾಳಿಯ ಅಂತರ ಬಿಟ್ಟರಷ್ಟೇ ಅವು ಕೆಲಸ ಮಾಡುತ್ತವೆ. ತಗಡು ಮತ್ತು ಹಲಗೆಯ ನಡುವೆ ಒತ್ತಿ ಕೂರಿಸಿದರೆ ಪ್ರಯೋಜನ ತೀರಾ ಕಡಿಮೆ.

ಬಿಸಿಗೆ ಇರುವ ದಾರಿಗಳು

1. ಬೆಚ್ಚಗಿನ ಗ್ಯಾರೇಜ್: ಎಲ್ಲಕ್ಕಿಂತ ಸುರಕ್ಷಿತ ಇದೇ. ಚಳಿಗಾಲದ ಮೂರು ನಾಲ್ಕು ತಿಂಗಳಿಗೆ ಗ್ಯಾರೇಜ್ ಬಾಡಿಗೆ ಪಡೆಯುವುದು ಒಂದು ಪಂಪ್ ಮತ್ತು ಹೀಟ್ ಎಕ್ಸ್‌ಚೇಂಜರ್ ಬದಲಿಸುವುದಕ್ಕಿಂತ ಅಗ್ಗವಾಗಬಹುದು. ಲೆಕ್ಕ ಹಾಕಿ ನೋಡಿ.

2. ವಿದ್ಯುತ್ ಹೀಟರ್: ಕೆಂಪಗೆ ಕಾಯುವ ಕಾಯಿಲ್ ಇಲ್ಲದ, ಎಣ್ಣೆ ತುಂಬಿದ ರೇಡಿಯೇಟರ್ ಮಾದರಿ ಉತ್ತಮ. ಉರುಳಿ ಬಿದ್ದರೆ ತಾನಾಗಿ ಆರುವ ಸ್ವಿಚ್ ಮತ್ತು ಥರ್ಮೋಸ್ಟಾಟ್ ಇರಲಿ. ಅಲುಗಾಡದಂತೆ ಕಟ್ಟಿ, ಸುತ್ತ ಬಟ್ಟೆ, ರಾಸಾಯನಿಕದ ಕ್ಯಾನ್ ಇಡಬೇಡಿ. ತೆಳುವಾದ ಎಕ್ಸ್‌ಟೆನ್ಷನ್ ವೈರ್ ಬಳಸಿದರೆ ಅದೇ ಬಿಸಿಯಾಗಿ ಬೆಂಕಿ ಹೊತ್ತಬಹುದು. 1,500 ವ್ಯಾಟ್ ಹೀಟರ್ 120 ವೋಲ್ಟ್‌ನಲ್ಲಿ 12.5 ಆಂಪಿಯರ್ ಎಳೆಯುತ್ತದೆ. ಅದನ್ನು ತಾಳುವ, ಹೊರಾಂಗಣ ಬಳಕೆಗೆ ಮಾಡಿದ ದಪ್ಪ ವೈರ್ ಬೇಕು.

3. ಡೀಸೆಲ್ ಹೀಟರ್: ಲಾರಿ ಚಾಲಕರು ಕ್ಯಾಬಿನ್ ಬೆಚ್ಚಗಿಡಲು ಬಳಸುವ ಸಾಧನ. ವೆಬಾಸ್ಟೊ, ಎಬರ್ಸ್‌ಪೆಷರ್ ಇದರ ಹೆಸರಾಂತ ತಯಾರಕರು. 2 ಕಿಲೋವ್ಯಾಟ್ ಹೀಟರ್ ಪೂರ್ಣ ವೇಗದಲ್ಲಿ ಗಂಟೆಗೆ ಸುಮಾರು ಕಾಲು ಲೀಟರ್ ಡೀಸೆಲ್ ಸುಡುತ್ತದೆ. ಇದರ ಉರಿಯುವ ಭಾಗಕ್ಕೆ ಗಾಳಿ ಬರುವುದೂ ಹೊಗೆ ಹೋಗುವುದೂ ವ್ಯಾನ್‌ನ ಹೊರಗಿನಿಂದಲೇ. ಹೊಗೆಕೊಳವೆಯ ಜೋಡಣೆ ಬಿಗಿಯಾಗಿರಬೇಕು, ಅದರ ಬಾಯಿ ಹಿಮದಲ್ಲಿ ಮುಚ್ಚಿಹೋಗಬಾರದು. ಫ್ಯಾನ್ ಮತ್ತು ಪಂಪ್‌ಗೆ ಬ್ಯಾಟರಿ ಬೇಕು, ಕಡು ಚಳಿಯಲ್ಲಿ ಬ್ಯಾಟರಿಯ ಶಕ್ತಿ ಕುಗ್ಗುತ್ತದೆ ಎಂಬುದು ನೆನಪಿರಲಿ.

4. ಗ್ಯಾಸ್ ಹೀಟರ್: ಹೊಗೆಕೊಳವೆ ಇಲ್ಲದ, ಸಿಲಿಂಡರ್ ಮೇಲೆ ಕೂರಿಸುವ ಪ್ರೊಪೇನ್ ಹೀಟರ್ ಅಗ್ಗ. ಆದರೆ ಮುಚ್ಚಿದ ವ್ಯಾನ್‌ನಲ್ಲಿ ಇದನ್ನು ರಾತ್ರಿಯಿಡೀ ಉರಿಸಲೇಬಾರದು. ಅದು ಒಳಗಿನ ಆಮ್ಲಜನಕವನ್ನೇ ಸುಡುತ್ತದೆ. ಜೊತೆಗೆ 1 ಕೆಜಿ ಪ್ರೊಪೇನ್ ಉರಿದರೆ ಸುಮಾರು 1.6 ಕೆಜಿ ನೀರಾವಿ ಹುಟ್ಟುತ್ತದೆ. ಅದು ತಣ್ಣನೆಯ ತಗಡಿನ ಮೇಲೆ ಹನಿಗಟ್ಟಿ ತುಕ್ಕಿಗೆ ದಾರಿಯಾಗುತ್ತದೆ.

ಇನ್ನು ರಾತ್ರಿಯಿಡೀ ಎಂಜಿನ್ ಚಾಲೂ ಇಡುವುದು ಇಂಧನಕ್ಕೂ ನಷ್ಟ, ಎಂಜಿನ್‌ಗೂ ನಷ್ಟ. ಟೊರೊಂಟೊ ಸೇರಿದಂತೆ ಹಲವು ನಗರಗಳಲ್ಲಿ ನಿಂತ ವಾಹನದ ಎಂಜಿನ್ ಸುಮ್ಮನೆ ಓಡಿಸುವುದಕ್ಕೆ ಮಿತಿಯೂ ಇದೆ.

ವಾಸನೆಯಿಲ್ಲದ ವಿಷ

ಇಂಧನ ಸರಿಯಾಗಿ ಉರಿಯದಿದ್ದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಅದರ ಮೊದಲ ಲಕ್ಷಣಗಳು. ನಿದ್ದೆಯಲ್ಲಿದ್ದವರಿಗೆ ಅವು ಗೊತ್ತಾಗುವುದೇ ಇಲ್ಲ. 2021ರ ಫೆಬ್ರುವರಿಯಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಶೀತಮಾರುತಕ್ಕೆ ವಿದ್ಯುತ್ ಕೈಕೊಟ್ಟಾಗ ಕಾರ್, ಜನರೇಟರ್, ಇದ್ದಿಲ ಒಲೆಗಳಿಂದ ಬಿಸಿ ಪಡೆಯಲು ಹೋಗಿ ಹಲವರು ಈ ಅನಿಲಕ್ಕೆ ಬಲಿಯಾದರು. ದೆಹಲಿಯ ಓದುಗರಿಗೂ ಇದು ಅಪರಿಚಿತವಲ್ಲ. ಮುಚ್ಚಿದ ಕೋಣೆಯಲ್ಲಿ ಅಂಗೀಠಿ ಹೊತ್ತಿಸಿ ಮಲಗಿದವರು ಬೆಳಗ್ಗೆ ಏಳದ ಸುದ್ದಿಗಳು ಉತ್ತರ ಭಾರತದಲ್ಲಿ ಚಳಿಗಾಲದಲ್ಲಿ ಮರುಕಳಿಸುತ್ತಲೇ ಇರುತ್ತವೆ.

ಆದ್ದರಿಂದ ಇಂಧನ ಉರಿಸುವ ಯಾವುದೇ ಹೀಟರ್ ಇರುವ ವ್ಯಾನ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕಡ್ಡಾಯವಾಗಿ ಇರಲಿ. ಅಲಾರಂ ಕೂಗಿದರೆ ಮೊದಲು ಹೊರಗೆ ಬನ್ನಿ. ಕಾರಣ ಹುಡುಕುವುದು ಆಮೇಲೆ. ದ್ರಾವಕ ಅಥವಾ ಪೆಟ್ರೋಲ್ ಕ್ಯಾನ್ ಇರುವ ವ್ಯಾನ್‌ನೊಳಗೆ ತೆರೆದ ಜ್ವಾಲೆ ಬೇಡವೇ ಬೇಡ.

ರಾತ್ರಿ ಹೀಟರ್ ಆರಿದರೆ?

ಎಷ್ಟೇ ಒಳ್ಳೆಯ ಹೀಟರ್ ಇದ್ದರೂ ನಡುರಾತ್ರಿ ಫ್ಯೂಸ್ ಹೋಗಬಹುದು, ಬ್ರೇಕರ್ ಟ್ರಿಪ್ ಆಗಬಹುದು, ಡೀಸೆಲ್ ಮುಗಿಯಬಹುದು. ಅದಕ್ಕೇ ಎರಡು ರಕ್ಷಣೆ ಬೇಕು. ಮೊದಲನೆಯದು, ಒಳಗಿನ ತಾಪಮಾನ 4 ಡಿಗ್ರಿಗಿಂತ ಇಳಿದರೆ ಮೊಬೈಲ್‌ಗೆ ಎಚ್ಚರಿಕೆ ಕಳಿಸುವ ಥರ್ಮಾಮೀಟರ್. ಎರಡನೆಯದು, ಕಡು ಚಳಿಯ ಮುನ್ಸೂಚನೆ ಇದ್ದ ದಿನ ನೀರನ್ನೇ ಖಾಲಿ ಮಾಡುವುದು. ಒಳಗೆ ನೀರೇ ಇಲ್ಲದಿದ್ದರೆ ಹೆಪ್ಪುಗಟ್ಟಲು ಏನಿದೆ?

ಖಾಲಿ ಮಾಡುವ ಕ್ರಮ ಹೀಗಿದೆ: ಟ್ಯಾಂಕ್‌ಗಳನ್ನು ಬಸಿಯಿರಿ. ಕಡಿಮೆ ಒತ್ತಡದ ಗಾಳಿ ಹಾಯಿಸಿ ಕೊಳವೆಗಳ ನೀರು ಹೊರದೂಡಿ. ನಂತರ ಪ್ರೊಪಿಲೀನ್ ಗ್ಲೈಕಾಲ್ ಆಧಾರಿತ ಆಂಟಿಫ್ರೀಜ್ ಅನ್ನು ಪಂಪ್ ಮೂಲಕ ಎಳೆಸಿ, ಕೊನೆಯ ನಳಿಕೆಯಲ್ಲಿ ಅದರ ಬಣ್ಣ ಕಾಣುವವರೆಗೆ ಹರಿಸಿ. ಹೊರಬಂದದ್ದನ್ನು ಬಕೆಟ್‌ನಲ್ಲಿ ಹಿಡಿದಿಡಿ. ಕಾರ್ ರೇಡಿಯೇಟರ್‌ಗೆ ಹಾಕುವ ಎಥಿಲೀನ್ ಗ್ಲೈಕಾಲ್ ಬಳಸಬೇಡಿ. ಅದು ವಿಷ, ಸಿಹಿ ರುಚಿಗೆ ನಾಯಿ ಬೆಕ್ಕುಗಳು ನೆಕ್ಕುವ ಅಪಾಯವೂ ಇದೆ. ಬ್ರಿಟನ್‌ನಲ್ಲಿ ಕಿಟಕಿ ತೊಳೆಯುವವರ ವ್ಯಾನ್‌ಗಳಲ್ಲಿ ಇರುವಂಥ ಆರ್‌ಒ ಫಿಲ್ಟರ್‌ಗಳಿಗೆ ಆಂಟಿಫ್ರೀಜ್ ಹಾಯಿಸಬಾರದು, ಅವು ಹೆಪ್ಪುಗಟ್ಟಲೂ ಬಾರದು. ಬಿಚ್ಚಿ ಮನೆಯೊಳಗೆ ಇಡುವುದೇ ಸರಿ.

ಸಂಜೆ ಮರೆಯಬಾರದ ಕೆಲಸಗಳು

* ಕೊಳವೆ ಮತ್ತು ಕೈ ಉಪಕರಣದ ನೀರು ಬಸಿದು ಒಳಗಿಡಿ.
* ನೀರು ಆಧಾರಿತ ಪೇಂಟ್, ಅಂಟು, ಶುಚಿಕಾರಕಗಳನ್ನು ಮನೆಯೊಳಗೆ ತನ್ನಿ. ಒಮ್ಮೆ ಹೆಪ್ಪುಗಟ್ಟಿದರೆ ಹಲವು ಹಾಳಾಗುತ್ತವೆ.
* ಲಿಥಿಯಂ ಬ್ಯಾಟರಿಗಳನ್ನು ಶೂನ್ಯಕ್ಕಿಂತ ಕೆಳಗೆ ಚಾರ್ಜ್ ಮಾಡಬೇಡಿ.
* ವ್ಯಾನ್ ಅನ್ನು ಗಾಳಿಗೆ ಮರೆಯಾಗಿ ನಿಲ್ಲಿಸಿ. ಗಾಳಿ ಬೀಸಿದರೆ ನೀರು ಹೊರಗಿನ ತಾಪಮಾನಕ್ಕಿಂತ ಕೆಳಗೆ ಇಳಿಯದು, ಆದರೆ ಬೇಗ ತಣಿಯುತ್ತದೆ.
* ಎಂಜಿನ್ ಬಿಸಿಯಿರುವಾಗಲೇ ಹೀಟರ್ ಹಾಕಿ. ತಣ್ಣಗಾದ ವ್ಯಾನ್ ಬಿಸಿ ಮಾಡುವುದಕ್ಕಿಂತ ಇದ್ದ ಬಿಸಿ ಉಳಿಸುವುದು ಸುಲಭ.

ನಮ್ಮ ದೇಶದಲ್ಲಿ ಈ ಸಮಸ್ಯೆ ಇದೆಯೇ?

ಲಡಾಖ್‌ನಲ್ಲಿ ಇದೆ. ಅಲ್ಲಿ ನೀರಷ್ಟೇ ಅಲ್ಲ, ಡೀಸೆಲ್ ಕೂಡ ಕೈಕೊಡುತ್ತದೆ. ಚಳಿಗೆ ಡೀಸೆಲ್‌ನಲ್ಲಿನ ಮೇಣದ ಅಂಶ ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಇದಕ್ಕೆಂದೇ ಇಂಡಿಯನ್ ಆಯಿಲ್ 2019ರ ನವೆಂಬರ್‌ನಲ್ಲಿ ಮೈನಸ್ 33 ಡಿಗ್ರಿಯವರೆಗೂ ಹರಿಯುವ ಚಳಿಗಾಲದ ಡೀಸೆಲ್ ಅನ್ನು ಅಲ್ಲಿಗೆ ಪೂರೈಸತೊಡಗಿತು. ಡೀಸೆಲ್ ಹೀಟರ್ ಇರುವ ವ್ಯಾನ್‌ಗೂ ಇದೇ ನಿಯಮ. ಇಂಧನ ಚಳಿಗಾಲದ ದರ್ಜೆಯದ್ದಾಗಿರಬೇಕು, ಇಲ್ಲದಿದ್ದರೆ ಅತ್ಯಂತ ಬೇಕಾದ ರಾತ್ರಿಯೇ ಹೀಟರ್ ಹೊತ್ತುವುದಿಲ್ಲ.

ವಿನಿಪೆಗ್ ಆಗಲಿ, ಲೇಹ್ ಆಗಲಿ, ಅನುಸರಿಸಬೇಕಾದ ಕ್ರಮ ಒಂದೇ. ಮೊದಲು ಶಾಖ ಸೋರುವುದನ್ನು ತಡೆಯಿರಿ, ಆಮೇಲೆ ಸುರಕ್ಷಿತ ಬಿಸಿ ಕೊಡಿ, ಅದೂ ಆರಬಹುದು ಎಂದುಕೊಂಡು ನೀರು ಖಾಲಿ ಮಾಡುವ ಅಭ್ಯಾಸ ಇಟ್ಟುಕೊಳ್ಳಿ. ಸಂಜೆ ಇದಕ್ಕೆ ಕೊಡುವ ಅರ್ಧ ಗಂಟೆ ಮರುದಿನದ ದುಡಿಮೆಯನ್ನು ಉಳಿಸುತ್ತದೆ.