ಮೊದಲು ಕಣ್ಣಿಗೆ ಬಿದ್ದ ಚಿತ್ರ



ಏಪ್ರಿಲ್ 14ರ ಪೋಸ್ಟರ್ ಅಂದ್ರೆ ಈಗ ಹುಡುಗರು ಮೊದಲು ಎಐ ಹತ್ರ ಹೋಗ್ತಾರೆ. ಇನ್ನೊಂದು ಕಡೆ, ಅದನ್ನ ಬಳಸಿದ್ರೆ ಮೆದುಳು ಜಡ ಆಗುತ್ತೆ ಅನ್ನೋ ಸುದ್ದಿ. ಈ ಜಗಳದ ಚರಿತ್ರೆ ಎಐಗಿಂತ ಹಳೇದು.

ಬರವಣಿಗೆ ಬಂದ್ರೆ ನೆನಪು ಹಾಳಾಗುತ್ತೆ ಅಂತ ಪ್ಲೇಟೋ ಸಾಕ್ರಟೀಸನ ಬಾಯಲ್ಲಿ ಹೇಳಿಸಿದ್ದ. ನಮ್ಮ ದೇಶದಲ್ಲಿ ಬಾಯಿಪಾಠವನ್ನೇ ಹಿಡಿದು ಕೂತವರು ಅದು ನಮ್ಮ ಕಿವಿಗೆ ಬೀಳದಂತೆ ನೋಡಿಕೊಂಡರು. ನಮಗೆ ಅಕ್ಷರ, ಅಚ್ಚು ಬಿಡುಗಡೆಯ ದಾರಿ. 1920ರ ಜನವರಿ 31ರಂದು ಬಾಬಾಸಾಹೇಬರು 'ಮೂಕನಾಯಕ' ತಂದದ್ದು ಅದಕ್ಕೇ. ಹಾಗಾಗಿ ಯಂತ್ರ ಕಂಡು ಹೆದರೋರ ಪೈಕಿ ನಾನಲ್ಲ.

ಆದರೆ 1991ರ ಒಂದು ಪ್ರಯೋಗ ಕೇಳಿ. ಜಾನ್ಸನ್ ಮತ್ತು ಸ್ಮಿತ್ ಎಂಬ ಅಮೆರಿಕದ ಸಂಶೋಧಕರು ಚೆಲ್ಲದಂಥ ಕಾಫಿ ಲೋಟ ವಿನ್ಯಾಸ ಮಾಡೋಕೆ ಹೇಳಿದರು; ಸ್ಟ್ರಾ ಇರಬಾರದು ಅಂದರು. ಒಂದು ಗುಂಪಿಗೆ ಮಾತ್ರ ಮಾದರಿ ಚಿತ್ರ ಕೊಟ್ಟರು. ಅದರಲ್ಲಿ ಸ್ಟ್ರಾ ಇತ್ತು. ಬೇಡ ಅಂದಿದ್ದರೂ ಆ ಗುಂಪಿನಲ್ಲಿ ಹಲವರು ಸ್ಟ್ರಾ ಇರೋ ಲೋಟವನ್ನೇ ಬರೆದರು! ಕಚೇರಿಯಲ್ಲಿ ಹಳೇ ಕಡತ ನೋಡಿ ಟಿಪ್ಪಣಿ ಬರೆಯೋ ನಮ್ಮಂಥ ಗುಮಾಸ್ತರಿಗೆ ಇದು ಹೊಸದಲ್ಲ. ಹಳೇ ತಪ್ಪೂ ಜೊತೆಗೇ ಬರುತ್ತೆ.

2025ರಲ್ಲಿ ಎಂಐಟಿ ಮೀಡಿಯಾ ಲ್ಯಾಬ್‌ನವರು 54 ಜನರ ತಲೆಗೆ ಇಇಜಿ ಹಾಕಿ ಪ್ರಬಂಧ ಬರೆಸಿದರು. ಚಾಟ್‌ಜಿಪಿಟಿ ಬಳಸಿದವರ ಮೆದುಳಿನ ಭಾಗಗಳ ನಡುವಿನ ಸಂಪರ್ಕ ಎಲ್ಲರಿಗಿಂತ ದುರ್ಬಲವಾಗಿತ್ತು. ಈಗತಾನೇ ಬರೆದ ಪ್ರಬಂಧದ ಒಂದು ಸಾಲನ್ನೂ ಬಹುತೇಕರಿಗೆ ಸರಿಯಾಗಿ ಹೇಳಲಾಗಲಿಲ್ಲ. ಇದು ಸಣ್ಣ ಅಧ್ಯಯನ, ಬೇರೆ ತಜ್ಞರ ಪರಿಶೀಲನೆಗೂ ಮುಂಚೆ ಹೊರಬಂದದ್ದು, ಅದೂ ಪ್ರಬಂಧದ ಬಗ್ಗೆ, ಪೋಸ್ಟರ್ ಬಗ್ಗೆ ಅಲ್ಲ. ಮೆದುಳು ಕೊಳೆತೋಯ್ತು ಅಂತ ಅದು ಹೇಳಿಲ್ಲ. ನಾನು ಹಿಡಿದುಕೊಂಡದ್ದು ಅದರ ಕೊನೆಯ ಸುತ್ತು. ಅದಕ್ಕೆ ಬಂದವರು 18 ಜನ. ಮೊದಲು ಸ್ವಂತ ತಲೆಯಿಂದಲೇ ಬರೆದು ಆಮೇಲೆ ಯಂತ್ರ ಹಿಡಿದವರ ಮೆದುಳು ಚುರುಕಾಗೇ ಇತ್ತು. ಯಂತ್ರದಿಂದ ಶುರುಮಾಡಿ ಆಮೇಲೆ ಬರಿಗೈಲಿ ಬರೆದವರದ್ದು ಹಿಂದೆ ಬಿತ್ತು.

ಯಾವುದು ಮೊದಲು ಅನ್ನೋದೇ ನಮ್ಮ ಪ್ರಶ್ನೆ. ಯಂತ್ರ ಕಲಿತಿರೋದು ಈಗಾಗಲೇ ಇರೋ ಚಿತ್ರಗಳಿಂದ. ಅಲ್ಲಿ ನಮ್ಮವರು ಎಷ್ಟಿದ್ದಾರೆ, ಯಾವ ರೂಪದಲ್ಲಿದ್ದಾರೆ? ಮೊದಲ ಚಿತ್ರ ಅದೇ ಕೊಟ್ಟರೆ ನೀಲಿ ಕೋಟು, ಎತ್ತಿದ ಬೆರಳು, ಹಿಂದೆ ಸೂರ್ಯಕಿರಣ. 1927ರ ಮಹಾಡ್ ಕೆರೆಯ ಮೆಟ್ಟಿಲಿಳಿದು ಬೊಗಸೆಯಲ್ಲಿ ನೀರೆತ್ತಿದ ಜನ ಆ ಚೌಕಟ್ಟಿನೊಳಗೆ ತಾವಾಗೇ ಬರಲ್ಲ.

ಈ ಸಲ ಕೇರಿಯಲ್ಲಿ ಪೋಸ್ಟರ್ ಸಭೆ ಕರೆದಾಗ ಮೊದಲ ಒಂದು ಗಂಟೆ ಪೆನ್ಸಿಲ್, ಹಾಳೆ ಇಡಿ. ಹೆಣ್ಣುಮಕ್ಕಳನ್ನೂ ಕೂರಿಸಿ. ಮೊಬೈಲ್ ಆಮೇಲೆ ತೆಗೀರಿ.