ಮಕ್ಕಳಾಗದಿದ್ದರೆ ಮೊದಲ ಪರೀಕ್ಷೆ ಯಾರಿಗೆ?

ಮಕ್ಕಳಾಗದಿದ್ದರೆ ಹೆಣ್ಣನ್ನು ಬಂಜೆಯೆಂದು ಜರೆಯುವುದು ನಮ್ಮಲ್ಲಿ ಹಳೆಯ ರೂಢಿ. ವಿಜ್ಞಾನದ ಚರಿತ್ರೆ ಹೇಳುವುದೇ ಬೇರೆ. ಹಾಲೆಂಡಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ 1677ರಲ್ಲಿಯೇ ಸೂಕ್ಷ್ಮದರ್ಶಕದಲ್ಲಿ ವೀರ್ಯಾಣುಗಳನ್ನು ಕಂಡಿದ್ದ. ಸಸ್ತನಿಯ ಅಂಡಾಣುವನ್ನು ವಾನ್ ಬೇರ್ ಗುರುತಿಸಿದ್ದು 1827ರಲ್ಲಿ. ಗರ್ಭನಾಳ ತೆರೆದಿದೆಯೇ ಎಂದು ಎಕ್ಸ್‌ರೇಯಲ್ಲಿ ನೋಡುವ ವಿಧಾನ ಬಂದದ್ದು 20ನೆಯ ಶತಮಾನದಲ್ಲಿ. ವೀರ್ಯ ಪರೀಕ್ಷೆಗೆ ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಕೈಪಿಡಿ ಹೊರತಂದಿತು. ಅದರ 6ನೆಯ ಆವೃತ್ತಿ 2021ರದು. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಗಂಡಿನ ಕಡೆಯ ಕಾರಣವೂ ಇರುತ್ತದೆ ಎಂಬುದು ಇಂದು ಸ್ಪಷ್ಟ.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದವರು ಇಂಥ ಪರೀಕ್ಷೆಗೆ ಹುಬ್ಬಳ್ಳಿ-ಧಾರವಾಡಕ್ಕೆ ಹೋಗಬೇಕಾದರೆ ದಿನದ ಕೂಲಿ ಹೋಗುತ್ತದೆ. ಆದ್ದರಿಂದ ತಯಾರಿ ಮುಖ್ಯ. ವೀರ್ಯ ಪರೀಕ್ಷೆಗೆ 2ರಿಂದ 7 ದಿನ ಸಂಯಮ ಬೇಕು. ಮಾದರಿ ಒಂದು ಗಂಟೆಯೊಳಗೆ ಪ್ರಯೋಗಾಲಯ ಸೇರಬೇಕಾದ್ದರಿಂದ ದೂರದವರು ಅಲ್ಲಿಯೇ ಕೊಡುವುದು ಮೇಲು. ವರದಿ ಸರಿಯಿಲ್ಲದಿದ್ದರೆ ಗಾಬರಿ ಬೇಡ, ಮತ್ತೊಮ್ಮೆ ಪರೀಕ್ಷಿಸುತ್ತಾರೆ. ಹೆಣ್ಣಿನ ಕೆಲವು ಹಾರ್ಮೋನ್ ಪರೀಕ್ಷೆಗಳನ್ನು ಮುಟ್ಟಿನ 2-4ನೆಯ ದಿನ ಮಾಡುತ್ತಾರೆ. ದಿನಾಂಕ ಬರೆದಿಟ್ಟುಕೊಂಡು, ಹೊರಡುವ ಮೊದಲು ಫೋನಿನಲ್ಲಿ ವಿಚಾರಿಸಿ. ಗರ್ಭನಾಳದ ಎಕ್ಸ್‌ರೇ ಮುಟ್ಟು ನಿಂತ ಮೇಲಿನ ದಿನಗಳಲ್ಲಿ. ಸ್ವಲ್ಪ ಹೊತ್ತು ಮುಟ್ಟಿನಂಥ ಹೊಟ್ಟೆನೋವು ಬರಬಹುದು. ಅಯೋಡಿನ್ ಅಲರ್ಜಿ ಇದ್ದರೆ ಮೊದಲೇ ತಿಳಿಸಬೇಕು, ಜೊತೆಗೊಬ್ಬರು ಇರಲಿ.

ಇವೆಲ್ಲದರಲ್ಲಿ ಸುಲಭವಾದದ್ದು, ನೋವಿಲ್ಲದ್ದು ಗಂಡಿನ ಪರೀಕ್ಷೆಯೇ. ಆದರೂ ಎಷ್ಟೋ ಮನೆಗಳಲ್ಲಿ ಅದು ಕೊನೆಗೆ ಉಳಿಯುತ್ತದೆ. ಸೊಸೆಯನ್ನು ತವರಿಗೆ ಅಟ್ಟುವ, ಮಗನಿಗೆ ಎರಡನೆಯ ಮದುವೆ ಮಾಡುವ ಮಾತೆತ್ತುವ ಹಿರಿಯರು ಮೊದಲು ಮಗನ ವರದಿ ಕೇಳಲಿ.