ಸೆಂಗ್‌ಹೆನಿದ್ ಎಂಬ ಗಣಿಯೂರು

ದಕ್ಷಿಣ ವೇಲ್ಸ್‌ನಲ್ಲಿ, ಹಳೆಯ ಕೋಟೆಗೆ ಹೆಸರಾದ ಕೇರ್‌ಫಿಲಿ ಪಟ್ಟಣದಿಂದ ವಾಯವ್ಯಕ್ಕೆ ಹೊರಟರೆ ಏಬರ್ ಕಣಿವೆ ಸಿಗುತ್ತದೆ. ಎರಡೂ ಬದಿಗೆ ಹುಲ್ಲುಗುಡ್ಡಗಳು, ನಡುವೆ ಒಂದು ಸಣ್ಣ ಹೊಳೆ. ಮೊದಲು ಏಬರ್‌ಟ್ರಿಡರ್ ಬರುತ್ತದೆ, ಕಣಿವೆಯ ತಲೆಯಲ್ಲಿ ಸೆಂಗ್‌ಹೆನಿದ್. ಹತ್ತೊಂಬತ್ತನೇ ಶತಮಾನದ ಕೊನೆಯ ದಶಕದವರೆಗೂ ಇಲ್ಲಿ ಊರು ಎನ್ನುವಂಥದ್ದು ಇರಲಿಲ್ಲ. ಅಲ್ಲೊಂದು ಇಲ್ಲೊಂದು ರೈತರ ಮನೆ, ಗುಡ್ಡದ ತುಂಬ ಕುರಿ. ವೆಲ್ಷ್ ಭಾಷೆ ಬಿಟ್ಟರೆ ಬೇರೆ ಮಾತು ಕಿವಿಗೆ ಬೀಳುವುದೇ ಅಪರೂಪ.

1891ರಲ್ಲಿ ಇಲ್ಲಿ ನೆಲ ಅಗೆಯಲು ಶುರುಮಾಡಿದರು. ಬೇಕಾಗಿದ್ದುದು ಹಡಗಿನ ಬಾಯ್ಲರಿಗೆ ಹಾಕುವ ಕಲ್ಲಿದ್ದಲು. ದಕ್ಷಿಣ ವೇಲ್ಸ್‌ನ ಈ ಕಲ್ಲಿದ್ದಲಿಗೆ ಹೊಗೆ ಕಡಿಮೆ, ಕಾವು ಜಾಸ್ತಿ. ಬ್ರಿಟಿಷ್ ನೌಕಾಪಡೆ ಅದನ್ನೇ ಕೇಳುತ್ತಿತ್ತು, ಕಾರ್ಡಿಫ್ ಮತ್ತು ಬ್ಯಾರಿ ಬಂದರುಗಳಿಂದ ಅದು ಲೋಕದ ಮೂಲೆ ಮೂಲೆಗೆ ಹೋಗುತ್ತಿತ್ತು. ಗಣಿಗೆ ಯೂನಿವರ್ಸಲ್ ಕಾಲಿಯರಿ ಎಂದು ಹೆಸರಿಟ್ಟರು. ಕಂಪನಿಯ ಹಿಂದಿದ್ದವರು ವಿಲಿಯಂ ಥಾಮಸ್ ಲೂಯಿಸ್, ಆಮೇಲೆ ಲಾರ್ಡ್ ಮೆರ್ಥರ್ ಆದವರು. ಸುಮಾರು 1,950 ಅಡಿ ಆಳಕ್ಕೆ ಎರಡು ಶಾಫ್ಟು ಇಳಿಸಿದರು. ಒಂದಕ್ಕೆ ಲ್ಯಾಂಕಾಸ್ಟರ್, ಇನ್ನೊಂದಕ್ಕೆ ಯಾರ್ಕ್ ಎಂದು ಹೆಸರು. 1894ರಲ್ಲಿ ಕೇರ್‌ಫಿಲಿಯಿಂದ ರೈಲು ಬಂತು, 1896ರಲ್ಲಿ ಮೊದಲ ಕಲ್ಲಿದ್ದಲು ಮೇಲೆ ಬಂತು. ಅದರ ಹಿಂದೆಯೇ ಜನ ಬಂದರು. ವೇಲ್ಸ್‌ನ ಹಳ್ಳಿಗಾಡಿನಿಂದ ಬಂದರು, ಇಂಗ್ಲೆಂಡಿನಿಂದ ಬಂದರು. ಗುಡ್ಡದ ಇಳಿಜಾರಿನಲ್ಲಿ ಗೋಡೆಗೆ ಗೋಡೆ ಅಂಟಿಸಿದ ಕಲ್ಲಿನ ಮನೆಗಳ ಸಾಲು ಎದ್ದಿತು, ಪ್ರಾರ್ಥನಾ ಮಂದಿರಗಳು ಎದ್ದವು, ಅಂಗಡಿ ಬೀದಿ ಎದ್ದಿತು. ದಕ್ಷಿಣ ಆಫ್ರಿಕಾದಲ್ಲಿ ಬೋಯರ್ ಯುದ್ಧ ನಡೆಯುತ್ತಿದ್ದ ಕಾಲವಾದ್ದರಿಂದ ನೆಲದಡಿಯ ವಿಭಾಗಗಳಿಗೆ ಮೇಫ್‌ಕಿಂಗ್, ಪ್ರಿಟೋರಿಯಾ, ಕಿಂಬರ್ಲಿ, ಲೇಡಿಸ್ಮಿತ್ ಎಂದು ಹೆಸರು ಬಿತ್ತು. ಯುದ್ಧಭೂಮಿಯ ಹೆಸರು ಹೊತ್ತ ಆ ಸುರಂಗಗಳಲ್ಲಿ ಮುಂದೆ ಸತ್ತವರ ಸಂಖ್ಯೆ ಎಷ್ಟೋ ಕಾಳಗಗಳಲ್ಲಿ ಬಿದ್ದವರಿಗಿಂತ ಹೆಚ್ಚು.

ಗಣಿ ಎಂದರೆ ನಮಗೆ ಮೊದಲು ನೆನಪಾಗುವುದು ಕೋಲಾರದ ಚಿನ್ನದ ಗಣಿ. ಅಲ್ಲಿಯೂ ಶಾಫ್ಟು, ಕೇಜು, ಪಾಳಿ, ಸೈರನ್ನು ಎಲ್ಲ ಇದ್ದವು. ಆಳದಲ್ಲಂತೂ ಕೆ.ಜಿ.ಎಫ್. ಈ ಗಣಿಗಿಂತ ಎಷ್ಟೋ ಪಟ್ಟು ಕೆಳಗೆ ಹೋಗಿತ್ತು. ಆದರೆ ಅಲ್ಲಿಯ ದೊಡ್ಡ ಭಯ ಬಂಡೆ ಸಿಡಿಯುವುದು. ಕಲ್ಲಿದ್ದಲು ಗಣಿಯ ಭಯ ಗಾಳಿಯಲ್ಲೇ ಇರುತ್ತದೆ. ಕಲ್ಲಿದ್ದಲಿನ ಪದರದೊಳಗೆ ಸೇರಿಕೊಂಡ ಮೀಥೇನ್ ಅನಿಲ ಅಗೆದಂತೆ ಅಗೆದಂತೆ ಹೊರಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಲ್ಲಿ ನೂರಕ್ಕೆ ಐದರಷ್ಟು ಸೇರಿದರೆ ಸಾಕು, ಒಂದು ಕಿಡಿಗೆ ಸ್ಫೋಟಿಸುತ್ತದೆ. ಅದನ್ನು ಹೊರಗೆ ತಳ್ಳಲು ಒಂದು ಶಾಫ್ಟಿನಿಂದ ಗಾಳಿ ಒಳಗೆಳೆದು, ಸುರಂಗಗಳಲ್ಲೆಲ್ಲ ಸುತ್ತಿಸಿ, ದೊಡ್ಡ ಫ್ಯಾನಿನಿಂದ ಇನ್ನೊಂದು ಶಾಫ್ಟಿನ ಮೂಲಕ ಹೊರಗೆ ಹೀರಬೇಕು. ಸೆಂಗ್‌ಹೆನಿದ್‌ನಲ್ಲಿ ಲ್ಯಾಂಕಾಸ್ಟರ್ ಗಾಳಿ ಇಳಿಯುವ ಶಾಫ್ಟು, ಯಾರ್ಕ್ ಗಾಳಿ ಏರುವ ಶಾಫ್ಟು.

ಮೀಥೇನಿಗಿಂತ ಕ್ರೂರವಾದದ್ದು ಕಲ್ಲಿದ್ದಲಿನ ಧೂಳು. ತುಂಬಿದ ತೊಟ್ಟಿಗಾಡಿಗಳು ಓಡಾಡುವಾಗ ಉದುರುವ ನಯವಾದ ಪುಡಿ ಸುರಂಗದ ನೆಲದ ಮೇಲೆ, ಪಕ್ಕಗಳ ಮೇಲೆ, ಮಾಡಿನ ತೊಲೆಗಳ ಮೇಲೆ ಕೂರುತ್ತದೆ. ಎಲ್ಲೋ ಒಂದು ಮೂಲೆಯಲ್ಲಿ ಅನಿಲ ಸಣ್ಣದಾಗಿ ಸಿಡಿದರೆ ಆ ಹೊಡೆತಕ್ಕೆ ಧೂಳು ಮೇಲೇಳುತ್ತದೆ, ಹಿಂದೆ ಬರುವ ಉರಿ ಅದನ್ನು ಹೊತ್ತಿಸುತ್ತದೆ, ಆ ಸಿಡಿತ ಮುಂದಿನ ಧೂಳನ್ನು ಎಬ್ಬಿಸುತ್ತದೆ. ಹೀಗೆ ಬೆಂಕಿ ತನ್ನ ಮೇವನ್ನು ತಾನೇ ಎಬ್ಬಿಸಿಕೊಳ್ಳುತ್ತ ಮೈಲಿಗಟ್ಟಲೆ ಓಡಬಲ್ಲದು. ವಿಲಿಯಂ ಗ್ಯಾಲೊವೇ ಎಂಬ ಗಣಿ ಎಂಜಿನಿಯರ್ ಇದನ್ನು 1870ರ ದಶಕದಿಂದಲೇ ಪ್ರಯೋಗ ಮಾಡಿ ತೋರಿಸುತ್ತ ಬಂದಿದ್ದರು. ಧೂಳು ತೆಗೆಯಬೇಕು, ಇಲ್ಲವೇ ನೀರು ಹಾಕಿ ಒದ್ದೆ ಮಾಡಬೇಕು, ಪರಿಹಾರ ಇಷ್ಟೇ. 1908ರಿಂದ ಇಂಗ್ಲೆಂಡಿನ ಆಲ್ಟಾಫ್ಟ್ಸ್‌ನಲ್ಲಿ ನಡೆದ ಪ್ರಯೋಗಗಳು ಇನ್ನೊಂದು ದಾರಿಯನ್ನೂ ತೋರಿಸಿದವು: ಉರಿಯದ ಕಲ್ಲುಪುಡಿಯನ್ನು ಸುರಂಗದಲ್ಲಿ ಎರಚಿದರೆ ಉರಿಯ ಓಟ ತಡೆಯುತ್ತದೆ. ಇದರಲ್ಲಿ ಯಾವುದೂ ಗುಟ್ಟಿನ ವಿದ್ಯೆಯಾಗಿರಲಿಲ್ಲ.

ಮೊದಲ ಏಟು 1901ರ ಮೇ 24ರ ಬೆಳಗಿನ ಜಾವ ಐದರ ಹೊತ್ತಿಗೆ ಬಿತ್ತು. ರಾತ್ರಿ ಪಾಳಿಯವರು ಕೆಲಸ ಮುಗಿಸಿ ಹೆಚ್ಚಿನವರು ಮೇಲೆ ಬಂದಾಗಿತ್ತು. ಬೆಳಗಿನವರು ಇನ್ನೂ ಇಳಿದಿರಲಿಲ್ಲ. ಒಳಗಿದ್ದದ್ದು 82 ಜನ. ಒಂದರ ಹಿಂದೊಂದು ಮೂರು ಸ್ಫೋಟ. ಶಾಫ್ಟಿನ ಬಾಯಿ ಹಾಳಾಗಿ, ಅವಶೇಷ ಸರಿಸಿ ಒಳಗಿಳಿಯುವಷ್ಟರಲ್ಲಿ ಹನ್ನೊಂದು ಗಂಟೆ. ಬದುಕಿ ಸಿಕ್ಕವನು ಒಬ್ಬನೇ, ಕುದುರೆ ನೋಡಿಕೊಳ್ಳುತ್ತಿದ್ದ ಆಳು. ಸತ್ತ ತನ್ನ ಕುದುರೆಯ ಪಕ್ಕದಲ್ಲಿ ಬಿದ್ದಿದ್ದ. ಉಳಿದ 81 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಹೆಣಗಳನ್ನು ತೆಗೆಯುವ ಕೆಲಸ ಆರು ವಾರ ನಡೆಯಿತು. ಗಣಿ ಬಿಸಿ, ಒಣ, ಧೂಳು ಅತಿ ಎಂದು ಆಗಲೇ ವರದಿ ಬಂತು. ತೊಟ್ಟಿಯ ಮೇಲೆ ಕಲ್ಲಿದ್ದಲನ್ನು ರಾಶಿಯಾಗಿ ಪೇರಿಸುವ ರೀತಿಯಿಂದಲೇ ಧೂಳು ಹೆಚ್ಚುತ್ತಿದೆ ಎಂದೂ ಹೇಳಲಾಯಿತು. ಅಂದರೆ ಮುಂದೆ ಆಗಬಹುದಾದದ್ದರ ವಿವರವೆಲ್ಲ ಆ ವರ್ಷವೇ ಕಾಗದದ ಮೇಲಿತ್ತು.

ಆಮೇಲಿನ ಹನ್ನೆರಡು ವರ್ಷ ಗಣಿ ಬೆಳೆಯಿತು, ಊರು ಬೆಳೆಯಿತು, ಕಲ್ಲಿದ್ದಲಿನ ಬೇಡಿಕೆ ಏರುತ್ತಲೇ ಹೋಯಿತು. 1910ರ ಅಕ್ಟೋಬರಿನಲ್ಲಿ ಮೇಫ್‌ಕಿಂಗ್ ವಿಭಾಗದಲ್ಲಿ ಮಾಡು ಕುಸಿದು, ಒಳಗೆ ಕೂಡಿದ್ದ ಅನಿಲ ಹೊರನುಗ್ಗಿ, ಕೆಲಸಗಾರರನ್ನು ಮೇಲಕ್ಕೆ ಕಳಿಸಬೇಕಾಯಿತು. 1911ರಲ್ಲಿ ಬ್ರಿಟಿಷ್ ಸಂಸತ್ತು ಹೊಸ ಗಣಿ ಕಾಯಿದೆ ತಂದಿತು. ಧೂಳಿನ ಬಗ್ಗೆ ಅದರಲ್ಲಿ ಕಟ್ಟುನಿಟ್ಟು ಇತ್ತು. ಇನ್ನೊಂದು ನಿಯಮ, ಫ್ಯಾನಿನ ಗಾಳಿಯನ್ನು ಬೇಕೆಂದಾಗ ಹಿಂದುಮುಂದಾಗಿ ತಿರುಗಿಸುವ ವ್ಯವಸ್ಥೆ ಇರಬೇಕು ಎಂಬುದು. ಬೆಂಕಿ ಎದ್ದಾಗ ಹೊಗೆ ಯಾವ ಕಡೆ ಹೋಗಬೇಕೆಂಬುದು ಕೈಯಲ್ಲಿರಲಿ ಎಂದು. ಗಡುವು 1913ರ ಜನವರಿ. ಯೂನಿವರ್ಸಲ್ ಗಣಿಯಲ್ಲಿ ಆಗಿರಲಿಲ್ಲ. ಗಡುವನ್ನು ಸೆಪ್ಟೆಂಬರಿಗೆ ಮುಂದೂಡಿದರು. ಸೆಪ್ಟೆಂಬರೂ ಕಳೆಯಿತು, ಕೆಲಸ ಆಗಲಿಲ್ಲ.

ಗಂಟೆಯ ವಿಷಯವನ್ನೂ ಹೇಳಬೇಕು. ಹಗ್ಗದಿಂದ ತೊಟ್ಟಿಗಾಡಿಗಳನ್ನು ಎಳೆಯುವ ಯಂತ್ರದವನಿಗೆ ನಿಲ್ಲಿಸು, ಬಿಡು ಎಂದು ತಿಳಿಸಲು ಸುರಂಗದುದ್ದಕ್ಕೂ ಎರಡು ಬೋಳು ತಂತಿಗಳನ್ನು ಎಳೆದಿರುತ್ತಿದ್ದರು. ಕೆಲಸಗಾರ ಎಲ್ಲಿ ನಿಂತಿದ್ದಾನೋ ಅಲ್ಲೇ ಕೈಯಲ್ಲಿದ್ದ ಕಬ್ಬಿಣದ ತುಂಡನ್ನು ಎರಡೂ ತಂತಿಗೆ ತಾಗಿಸಿದರೆ ದೂರದಲ್ಲಿ ಗಂಟೆ ಬಾರಿಸುತ್ತಿತ್ತು. ಸುಲಭ, ಅಗ್ಗ. ಆದರೆ ತಾಗಿಸಿದಾಗಲೆಲ್ಲ ಒಂದು ಕಿಡಿ. ಇಂಥ ಕಿಡಿಯಿಂದ ಅನಿಲ ಹೊತ್ತಬಲ್ಲದು ಎಂಬ ಎಚ್ಚರಿಕೆ 1912ರಲ್ಲಿ ಹತ್ತಿರದ ಬೆಡ್‌ವಸ್ ಗಣಿಯ ಸ್ಫೋಟದ ಮೇಲೆ ಬಂದಿತ್ತು.

1913ರ ಅಕ್ಟೋಬರ್ 14, ಮಂಗಳವಾರ. ನಸುಕಿನ ಮೂರಕ್ಕೆ ತಪಾಸಣೆಯವರು ಇಳಿದರು. ಸುರಂಗಗಳ ದೂರಕ್ಕೆ ಅವರಿಗೆ ಸಿಕ್ಕ ಎರಡು ಚಿಲ್ಲರೆ ಗಂಟೆ ನಡೆಯುವುದಕ್ಕೇ ಸರಿಹೋಗುತ್ತಿತ್ತು, ನಿಂತು ನೋಡಲು ಹೊತ್ತೆಲ್ಲಿ? ಐದು ದಾಟುತ್ತಿದ್ದಂತೆ ಬೆಳಗಿನ ಪಾಳಿ ಇಳಿಯತೊಡಗಿತು. ಸುಮಾರು 950 ಜನ ಒಳಗೆ. ಎಂಟು ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ ಗಣಿಯ ಪಶ್ಚಿಮ ಭಾಗದಲ್ಲಿ ಸ್ಫೋಟವಾಯಿತು. ಉರಿಯ ಹೊಡೆತ ಲ್ಯಾಂಕಾಸ್ಟರ್ ಶಾಫ್ಟಿನ ಮೂಲಕ ಮೇಲೆದ್ದು ಬಾಯನ್ನೇ ಒಡೆಯಿತು, ಅಲ್ಲಿ ಮೇಲೆ ಕೆಲಸದಲ್ಲಿದ್ದವನು ಸ್ಥಳದಲ್ಲೇ ಸತ್ತ.

ಮ್ಯಾನೇಜರ್ ಎಡ್ವರ್ಡ್ ಷಾ ಮೇಲಿದ್ದರು. ಯಾರ್ಕ್ ಶಾಫ್ಟಿನ ಕೇಜಿನಲ್ಲಿ ಒಬ್ಬ ಮೇಲ್ವಿಚಾರಕನನ್ನು ಜೊತೆಗೆ ಕರೆದುಕೊಂಡು ಕೂಡಲೇ ಇಳಿದರು. ದಾರಿಗೆ ಅಡ್ಡ ಬಿದ್ದ ತೊಲೆಗಳನ್ನು ತೆಗೆದು ತೆಗೆದು ಇಳಿಯಬೇಕಾಯಿತು. ಪೂರ್ವ ಭಾಗದವರು ಜೀವಂತ ಇದ್ದರು, ಅವರನ್ನು ಮೇಲೆ ಕಳಿಸಿದರು. ಪಶ್ಚಿಮದ ಕಡೆ ಬೆಂಕಿ. ಆರಿಸಲು ನೀರಿಲ್ಲ. ಕೈಯಲ್ಲಿ ಹಿಡಿಯುವ ಆರಿಸುವ ಸಾಧನಗಳು, ಮರಳು, ಇಷ್ಟೇ. ಹೊಗೆಯೊಳಗೆ ಹೋಗಲು ಉಸಿರಾಟದ ಉಪಕರಣ ಗಣಿಯಲ್ಲಿ ಇರಲಿಲ್ಲ. ಸುತ್ತಲಿನ ಕಣಿವೆಗಳ ರಕ್ಷಣಾ ದಳದವರು ಬರುವ ತನಕ ಕಾಯಬೇಕಾಯಿತು. ಅಲ್ಲಿ ಸತ್ತವರಲ್ಲಿ ಬಹಳ ಮಂದಿ ಬೆಂಕಿ ತಾಗಿ ಸತ್ತವರಲ್ಲ, ಉರಿದ ಮೇಲೆ ಉಳಿಯುವ ವಿಷಗಾಳಿಯನ್ನು, ಮುಖ್ಯವಾಗಿ ಕಾರ್ಬನ್ ಮೊನಾಕ್ಸೈಡನ್ನು, ಉಸಿರಾಡಿ ಸತ್ತವರು. ಅವರ ಪಾಲಿಗೆ ಪ್ರತಿ ನಿಮಿಷವೂ ಲೆಕ್ಕಕ್ಕಿತ್ತು.

ಆ ರಾತ್ರಿ ಪಶ್ಚಿಮ ಭಾಗದಲ್ಲಿ 18 ಮಂದಿ ಬದುಕಿರುವುದು ಗೊತ್ತಾಗಿ ಊರಿಗೆ ಊರೇ ಆಸೆ ಹಿಡಿದು ನಿಂತಿತು. ಅವರೇ ಕೊನೆ. ಆಮೇಲೆ ಬಂದದ್ದೆಲ್ಲ ಹೆಣಗಳು. ಒಟ್ಟು 439 ಗಣಿಗಾರರು, ಜೊತೆಗೆ ಅವರನ್ನು ಹುಡುಕಲು ಇಳಿದ ಒಬ್ಬ. ಬ್ರಿಟನ್ನಿನ ಗಣಿ ಚರಿತ್ರೆಯಲ್ಲಿ ಇಷ್ಟು ಜನರನ್ನು ಒಂದೇ ದಿನ ನುಂಗಿದ ದುರಂತ ಬೇರೆ ಇಲ್ಲ.

ಆ ದಿನಗಳಲ್ಲಿ ಛಾಯಾಗ್ರಾಹಕ ಬೆಂಟನ್ ತೆಗೆದ ಚಿತ್ರಗಳು ಪೋಸ್ಟ್‌ಕಾರ್ಡಾಗಿ ಅಚ್ಚಾಗಿ ಉಳಿದಿವೆ. ಒಂದರಲ್ಲಿ ಒಬ್ಬಳು ಹುಡುಗಿ, ಹದಿಮೂರೋ ಹದಿನಾಲ್ಕೋ ಇರಬೇಕು, ದಪ್ಪ ಶಾಲಿನಲ್ಲಿ ಕೂಸೊಂದನ್ನು ಮೈಗೆ ಸುತ್ತಿಕೊಂಡು ಗಣಿಯ ಸುದ್ದಿಗಾಗಿ ನಿಂತಿದ್ದಾಳೆ. ವೇಲ್ಸ್‌ನ ಹೆಂಗಸರು ಮಕ್ಕಳನ್ನು ಎತ್ತಿಕೊಳ್ಳುತ್ತಿದ್ದದ್ದೇ ಹಾಗೆ. ಕೂಸಿನ ಮುಖ ಮಾತ್ರ ಕಾಣುತ್ತದೆ. ಹುಡುಗಿಯ ಕಣ್ಣಲ್ಲಿ ನೀರಿಲ್ಲ, ದೊಡ್ಡವರ ಗಾಂಭೀರ್ಯ ಇದೆ. ಆ ವಾರ ಊರಿನ ಎಷ್ಟೋ ಮಕ್ಕಳು ಹೀಗೆ ದಿಢೀರನೆ ಮನೆಯ ಹಿರಿಯರಾದರು. ತಂದೆ ಕಳೆದುಕೊಂಡ ಮಕ್ಕಳು 542. ವಿಧವೆಯರಾದವರು ಇನ್ನೂರಕ್ಕೂ ಹೆಚ್ಚು. ಹನ್ನೆರಡು ಮನೆಗಳಲ್ಲಿ ಅಪ್ಪ ಮಗ ಇಬ್ಬರೂ ಹೋದರು, ಹತ್ತು ಮನೆಗಳಲ್ಲಿ ಇಬ್ಬಿಬ್ಬರು ಗಂಡುಮಕ್ಕಳು ಹೋದರು. ಒಂದು ಮನೆಯಲ್ಲಿ ಅಪ್ಪನೂ ಅಣ್ಣತಮ್ಮಂದಿರಲ್ಲಿ ಒಬ್ಬನೂ ಸತ್ತು, ಹದಿನೆಂಟರ ಹುಡುಗಿಯ ಕೊರಳಿಗೆ ಆರು ಒಡಹುಟ್ಟಿದವರು ಬಿದ್ದರು. ಸತ್ತವರಲ್ಲಿ ಎಂಟು ಹುಡುಗರಿಗೆ ಹದಿನಾಲ್ಕೇ ವರ್ಷ. ಇಂದಿನ ಲೆಕ್ಕದಲ್ಲಿ ಒಂಬತ್ತನೇ ಕ್ಲಾಸಿನಲ್ಲಿ ಕೂತಿರಬೇಕಾದವರು.

ತನಿಖೆಗೆ ಬಂದವರು ಗಣಿಗಳ ಮುಖ್ಯ ತಪಾಸಕ ರಿಚರ್ಡ್ ರೆಡ್ಮೇನ್. ಅವರ ಜೊತೆ ಗಣಿ ಮಾಲೀಕರ ಪರವಾಗಿ ಇವಾನ್ ವಿಲಿಯಮ್ಸ್, ಕಾರ್ಮಿಕರ ಪರವಾಗಿ ರಾಬರ್ಟ್ ಸ್ಮಿಲಿ ಕೂತರು. ಕಿಡಿ ಎಲ್ಲಿ ಹುಟ್ಟಿತೆಂದು ಖಚಿತವಾಗಿ ಸಾಬೀತಾಗಲಿಲ್ಲ, ಗಂಟೆಯ ತಂತಿಯ ಮೇಲೆ ಅನುಮಾನ ಬಲವಾಗಿ ನಿಂತಿತು. ಉರಿ ಹಬ್ಬಿಸಿದ್ದು ಧೂಳು. ಗಾಳಿಯ ಅಳತೆ ಸರಿಯಾಗಿ ಆಗಿರಲಿಲ್ಲ, ಧೂಳು ತೆಗೆಯುವುದು ಸರಿಯಾಗಿ ಆಗಿರಲಿಲ್ಲ, ಫ್ಯಾನು ತಿರುಗಿಸುವ ವ್ಯವಸ್ಥೆ ಇರಲಿಲ್ಲ. ಅದು ಇದ್ದಿದ್ದರೂ ಆ ಹೊತ್ತಿನಲ್ಲಿ ಗಾಳಿ ತಿರುಗಿಸುವುದು ಒಳ್ಳೆಯದಾಗುತ್ತಿತ್ತೇ ಎಂಬುದರಲ್ಲಿ ಮೂವರಿಗೂ ಒಮ್ಮತ ಬರಲಿಲ್ಲ. ಆದರೆ ಒಂದು ಸಲ ಸ್ಫೋಟ ಕಂಡ, ಇಷ್ಟೊಂದು ಅನಿಲವಿರುವ ಗಣಿಯಲ್ಲಿ ಬೆಂಕಿಗೆ ಬೇಕಾದಷ್ಟು ನೀರನ್ನೂ ಇಟ್ಟುಕೊಳ್ಳಲಿಲ್ಲವಲ್ಲ ಎಂದು ರೆಡ್ಮೇನ್ ಆಶ್ಚರ್ಯಪಟ್ಟು ಬರೆದರು. ಉಸಿರಾಟದ ಉಪಕರಣ ಇಲ್ಲದೆ ಜೀವಗಳು ಹೋದವು ಎಂದೂ ವರದಿ ಹೇಳಿತು.

ಕೊನೆಗೆ ಕೋರ್ಟು. ಮ್ಯಾನೇಜರ್ ಮೇಲೆ 17 ಆರೋಪ, ಕಂಪನಿಯ ಮೇಲೆ ನಾಲ್ಕು. ಬಹುಪಾಲು ಬಿದ್ದುಹೋದವು. ಮ್ಯಾನೇಜರಿಗೆ 24 ಪೌಂಡ್ ದಂಡ. ಕಂಪನಿಗೆ, ಫ್ಯಾನಿನ ವಿಷಯದಲ್ಲಿ, 10 ಪೌಂಡ್ ದಂಡ ಮತ್ತು ಖರ್ಚು. 24 ಪೌಂಡನ್ನು 440ಕ್ಕೆ ಹಂಚಿದರೆ ತಲೆಗೆ ಒಂದು ಷಿಲಿಂಗ್ ಒಂದು ಪೆನ್ನಿ ಬೀಳುತ್ತದೆ. ಆಗಿನ ಪತ್ರಿಕೆಯೊಂದು ಹೆಚ್ಚುಕಡಿಮೆ ಇದೇ ಲೆಕ್ಕ ಹಾಕಿ ಗಣಿಗಾರನ ಜೀವದ ಬೆಲೆ ಇಷ್ಟು ಎಂದು ಅಚ್ಚು ಹಾಕಿತು. ನನಗೆ ಷಾ ಮೇಲೆ ಸಿಟ್ಟಿಗಿಂತ ಸಂಕಟವೇ ಹೆಚ್ಚು. ಬೆಂಕಿಯ ಬಾಯಿಗೆ ತಾವೇ ಮೊದಲು ಇಳಿದ ಮನುಷ್ಯ ಅವರು. ಆದರೆ ಧೂಳು ಗುಡಿಸುವುದಕ್ಕೂ, ನೀರಿನ ಕೊಳವೆ ಹಾಕುವುದಕ್ಕೂ, ಫ್ಯಾನು ಬದಲಿಸುವುದಕ್ಕೂ ಬೇಕಾಗಿದ್ದುದು ಧೈರ್ಯವಲ್ಲ. ದುಡ್ಡು ಬೇಕಿತ್ತು, ಕೆಲವು ದಿನ ಕಲ್ಲಿದ್ದಲು ತೆಗೆಯುವುದನ್ನು ನಿಲ್ಲಿಸಬೇಕಿತ್ತು. ಆ ತೀರ್ಮಾನ ಮಾಡಬೇಕಾದವರು ಶಾಫ್ಟಿನ ಬಾಯಲ್ಲಿ ನಿಂತವರಲ್ಲ, ಲಾಭ ಎಣಿಸುತ್ತ ಕೂತವರು. ಅವರಿಗೆ ಬಿದ್ದದ್ದು ಹತ್ತು ಪೌಂಡ್.

ಆ ವರ್ಷ ದಕ್ಷಿಣ ವೇಲ್ಸ್‌ನ ಗಣಿಗಳಿಂದ ಸುಮಾರು 5.7 ಕೋಟಿ ಟನ್ ಕಲ್ಲಿದ್ದಲು ಬಂತು. ಹಿಂದೆಯೂ ಮುಂದೆಯೂ ಅಷ್ಟು ಬಂದದ್ದಿಲ್ಲ. ನವೆಂಬರ್ ಕೊನೆಗೆ ಯೂನಿವರ್ಸಲ್ ಗಣಿ ಮತ್ತೆ ಕೆಲಸ ಶುರುಮಾಡಿತು. ಒಳಗೆ ಇನ್ನೂ ಹೆಣಗಳು ಸಿಕ್ಕದೆ ಉಳಿದಿದ್ದವು. ಅಪ್ಪನನ್ನು ನುಂಗಿದ ಶಾಫ್ಟಿಗೇ ಮಗ ಇಳಿಯಬೇಕಾಯಿತು, ಕಣಿವೆಯಲ್ಲಿ ಬೇರೆ ಕೂಲಿ ಎಲ್ಲಿತ್ತು? ಮುಂದಿನ ವರ್ಷ ಮಹಾಯುದ್ಧ ಬಂದು ಉಳಿದ ಗಂಡಸರಲ್ಲಿ ಕೆಲವರನ್ನು ಕರೆದುಕೊಂಡು ಹೋಯಿತು. 1928ರಲ್ಲಿ ಗಣಿ ಮುಚ್ಚಿತು. ರೈಲು ಮಾತ್ರ 1964ರವರೆಗೆ ಓಡಿತು.

ಸ್ಮಾರಕ ಅಂತ ಒಂದು ಎದ್ದದ್ದು 1981ರಲ್ಲಿ, ಶಾಫ್ಟಿನ ಮೇಲಿನ ಕಬ್ಬಿಣದ ಗೋಪುರದ ಪುಟ್ಟ ಮಾದರಿ. ದುರಂತಕ್ಕೆ ನೂರು ತುಂಬಿದ 2013ರ ಅಕ್ಟೋಬರ್ 14ರಂದು ಅಲ್ಲಿಯೇ ವೇಲ್ಸ್‌ನ ರಾಷ್ಟ್ರೀಯ ಗಣಿ ಸ್ಮಾರಕ ತೆರೆಯಿತು. ಗಾಯಗೊಂಡ ಗಣಿಗಾರನಿಗೆ ರಕ್ಷಣಾ ದಳದವನೊಬ್ಬ ಆಸರೆ ಕೊಡುತ್ತಿರುವ ಕಂಚಿನ ಪ್ರತಿಮೆ, ಸುತ್ತ ಗೋಡೆಯಲ್ಲಿ 1901ರ ಮತ್ತು 1913ರ ಸತ್ತವರ ಹೆಸರಿನ ಬಿಲ್ಲೆಗಳು, ಪಕ್ಕದ ಕಾಲುದಾರಿಯಲ್ಲಿ ವೇಲ್ಸ್‌ನ ಬೇರೆ ಗಣಿ ದುರಂತಗಳ ಬಿಲ್ಲೆಗಳು. ಇದಕ್ಕಾಗಿ ಓಡಾಡಿ ಹಣ ಕೂಡಿಸಿದವರು ಏಬರ್ ಕಣಿವೆಯ ಪರಂಪರೆ ಸಂಘದ ಸ್ಥಳೀಯರು. ಊರಿನ ಸಮುದಾಯ ಭವನದಲ್ಲಿ ಗಣಿಯ ವಸ್ತುಸಂಗ್ರಹವನ್ನು ನಡೆಸುತ್ತಿರುವವರೂ ಅವರೇ.